ಕಾಮಿರೀಥು ಹಳ್ಳಿ ಕಟ್ಟಿದ ನಾಟಕ

1977ರ ಜುಲೈನಲ್ಲಿ ಗೂಗಿ ವಾ ಥಿಯಾಂಗೊ ಅವರ ಇಂಗ್ಲಿಷ್ ಕಾದಂಬರಿ ‘ಪೆಟಲ್ಸ್ ಆಫ್ ಬ್ಲಡ್’ ನೈರೋಬಿಯಲ್ಲಿ ಬಿಡುಗಡೆಯಾಯಿತು. ಕೀನ್ಯಾದ ಹೊಸ ಧಣಿಗಳನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದ ಆ ಪುಸ್ತಕವನ್ನು ಬಿಡುಗಡೆ ಮಾಡಿದವರು ಹಣಕಾಸು ಸಚಿವ ಮ್ವಾಯಿ ಕಿಬಾಕಿ. ಆ ಡಿಸೆಂಬರ್ ಮುಗಿಯುವ ಹೊತ್ತಿಗೆ ಗೂಗಿ ವಿಚಾರಣೆಯೇ ಇಲ್ಲದೆ ಜೈಲಿನಲ್ಲಿದ್ದರು. ಕಾರಣ ಒಂದು ನಾಟಕ.

ಲಿಮುರು ಪಟ್ಟಣದ ಬಳಿಯ ಕಾಮಿರೀಥು, 1950ರ ದಶಕದಲ್ಲಿ ತಮ್ಮ ಆಳ್ವಿಕೆಯ ವಿರುದ್ಧ ಎದ್ದಿದ್ದ ಮಾವ್ ಮಾವ್ ಹೋರಾಟಗಾರರಿಗೆ ಜನರ ಆಸರೆ ಸಿಗದಂತೆ ಮಾಡಲು ಬ್ರಿಟಿಷರು ಎಬ್ಬಿಸಿದ ಹಳ್ಳಿ. ಸುತ್ತ ಚಹಾ ತೋಟ, ಪಕ್ಕದಲ್ಲಿ ಬಾಟಾ ಚಪ್ಪಲಿ ಕಾರ್ಖಾನೆ. ಅಲ್ಲಿನ ಹೆಣ್ಣುಮಗಳೊಬ್ಬಳು ಮತ್ತೆ ಮತ್ತೆ ಗೂಗಿಯವರ ಮನೆಗೆ ಬಂದು, ನಿಮ್ಮ ವಿದ್ಯೆಯಲ್ಲಿ ನಮ್ಮೂರಿಗೂ ಪಾಲು ಕೊಡಿ ಎಂದು ಕೇಳಿಕೊಂಡಳು. ಹಾಗೆ ವಯಸ್ಕರ ಶಿಕ್ಷಣದಿಂದ ಶುರುವಾದ ಕೆಲಸ ರಂಗಭೂಮಿಗೆ ಹೊರಳಿತು.

ಸಹಲೇಖಕ ಗೂಗಿ ವಾ ಮಿರೀ ಜೊತೆ ಸೇರಿ ಥಿಯಾಂಗೊ ಗಿಕುಯು ಭಾಷೆಯಲ್ಲಿ ‘ನ್ಗಾಹಿಕಾ ನ್ದೇಂಡಾ’ ಬರೆದರು; ‘ಇಷ್ಟ ಬಂದಾಗ ಮದುವೆಯಾಗುವೆ’ ಎಂದು ಅದರರ್ಥ. ಅವರಿಬ್ಬರು ಕೊಟ್ಟದ್ದು ಕರಡು ಮಾತ್ರ. ಮುದುಕರು ಹೀಗೆ ಮಾತಾಡುವುದಿಲ್ಲ ಎಂದು ಊರವರು ಸಂಭಾಷಣೆ ತಿದ್ದಿದರು. ಬಾಟಾ ಕಾರ್ಮಿಕರು ಕೂತು ಲೆಕ್ಕ ಹಾಕಿದರು: ಮೂರು ಸಾವಿರ ಜನರ ತಿಂಗಳ ಸಂಬಳವೆಲ್ಲ ಸೇರಿದರೆ ಒಂದೇ ದಿನ ತಯಾರಾಗುವ ಚಪ್ಪಲಿಗಳ ಬೆಲೆಯಷ್ಟು! ಓದುಬರಹ ಬಾರದ ಅಜ್ಜಿಯೊಬ್ಬರು ಮದುವೆಯ ಹಾಡುಗಳನ್ನು ಕಲಿಸಿದರು. ಬೆಂಕಿಕಡ್ಡಿ ಜೋಡಿಸಿ ಮಾದರಿ ಮಾಡಿಕೊಂಡು, ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಬಯಲು ರಂಗಮಂದಿರವನ್ನು ಊರವರು ತಾವೇ ಕಟ್ಟಿದರು. ಕಿಮಾನಿ ಗೆಕಾವ್ ನಿರ್ದೇಶಕ. ತಾಲೀಮು ಎಲ್ಲರ ಕಣ್ಣೆದುರೇ ನಡೆಯುತ್ತಿದ್ದುದರಿಂದ ನೋಡುವವರಿಗೂ ಮಾತುಗಳು ಬಾಯಿಪಾಠವಾದವು.

ಕಥೆ ಸರಳ. ಕೂಲಿಕಾರ ಕಿಗೂಂಡಾನಿಗೆ ಇರುವುದು ಒಂದೂವರೆ ಎಕರೆ. ಅದರ ಹಕ್ಕುಪತ್ರ ಗೋಡೆಯ ಮೇಲೆ ತೂಗುತ್ತದೆ. ಹೆಂಡತಿಯನ್ನೇ ಚರ್ಚಿನಲ್ಲಿ ಮತ್ತೊಮ್ಮೆ ಮದುವೆಯಾಗೆಂದು ಧಣಿ ಕಿಯೋಯಿ ಒತ್ತಾಯಿಸುತ್ತಾನೆ. ಅದರ ಖರ್ಚಿಗೆ ಜಮೀನು ಬ್ಯಾಂಕಿನಲ್ಲಿ ಅಡವಾಗುತ್ತದೆ, ಕೊನೆಗೆ ಹರಾಜಾಗಿ ಧಣಿಯ ಕೈಸೇರುತ್ತದೆ. ಲಿಮುರುವಿನ ಜನಕ್ಕೆ ಇದು ಕಟ್ಟುಕಥೆ ಅನ್ನಿಸಲೇ ಇಲ್ಲ.

1977ರ ಅಕ್ಟೋಬರ್ 2ರಂದು ಮೊದಲ ಪ್ರದರ್ಶನ. ನವೆಂಬರ್ 16ಕ್ಕೆ ಸರ್ಕಾರ ಪರವಾನಗಿ ರದ್ದುಪಡಿಸಿತು. ಇಂಗ್ಲಿಷ್ ಕಾದಂಬರಿಯಲ್ಲಿ ಸಹಿಸಿಕೊಂಡಿದ್ದ ಟೀಕೆಯನ್ನೇ ರೈತರು ತಮ್ಮ ನುಡಿಯಲ್ಲಿ, ತಾವೇ ಕಟ್ಟಿದ ರಂಗದ ಮೇಲೆ ಆಡಿದಾಗ ಸಹಿಸಲಾಗಲಿಲ್ಲ. ಆಳುವವರು ಹೆದರಿದ್ದು ಪುಸ್ತಕಕ್ಕಲ್ಲ, ಒಟ್ಟುಗೂಡಿ ಯೋಚಿಸತೊಡಗಿದ ಊರಿಗೆ.

ಕಾಮಿಟಿ ಜೈಲಿನಲ್ಲಿ ಗೂಗಿ ಶೌಚಾಲಯದ ಕಾಗದದ ಮೇಲೆ ಗಿಕುಯು ಕಾದಂಬರಿ ಬರೆದರು. 1978ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿ ಬಂದ ಮೇಲೆ ಅದೇ ತಂಡ ‘ಮೈತು ನ್ಜುಗಿರಾ’ ನಾಟಕಕ್ಕೆ ಸಿದ್ಧವಾಯಿತು. 1982ರಲ್ಲಿ ಆ ತಂಡಕ್ಕೆ ರಾಷ್ಟ್ರೀಯ ರಂಗಮಂದಿರದ ಬಾಗಿಲು ಮುಚ್ಚಿತು. ಪೊಲೀಸರು ಕಾಮಿರೀಥುವಿನ ರಂಗಮಂದಿರವನ್ನೂ ನೆಲಸಮ ಮಾಡಿದರು. ಗೂಗಿ ದೇಶಭ್ರಷ್ಟರಾದರು.

2022ರಲ್ಲಿ ‘ನ್ಗಾಹಿಕಾ ನ್ದೇಂಡಾ’ ಅದೇ ರಾಷ್ಟ್ರೀಯ ರಂಗಮಂದಿರದಲ್ಲಿ, ಗಿಕುಯು ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರದರ್ಶನ ಕಂಡಿತು. ಅಮೆರಿಕದಲ್ಲಿ ನೆಲೆಸಿದ್ದ ಗೂಗಿಯವರಿಗೆ ಆಗ 84 ವರ್ಷ.