ಒಂದೇ ವರ್ಷ, ನಾಲ್ಕು ದಾರಿ

ಸಂವಿಧಾನದ ಪ್ರಸ್ತಾವನೆಯಿಂದ ‘ಸಮಾಜವಾದಿ’ ಎಂಬ ಪದವನ್ನು ತೆಗೆದುಹಾಕಬೇಕೆಂದು ಕೋರಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ವಜಾ ಮಾಡಿತು. ಅದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, 42ನೆಯ ತಿದ್ದುಪಡಿಯ ಮೂಲಕ ಒಳಬಂದ ಪದ. ನಮ್ಮ ಸಂದರ್ಭದಲ್ಲಿ ಅದರ ಅರ್ಥ ಕಲ್ಯಾಣ ರಾಜ್ಯ ಮತ್ತು ಅವಕಾಶಗಳ ಸಮಾನತೆ. ಖಾಸಗಿ ಉದ್ಯಮಕ್ಕೆ ಅದರಿಂದ ಅಡ್ಡಿಯಿಲ್ಲ ಎಂದು ನ್ಯಾಯಾಲಯ ವಿವರಿಸಿತು. ಪದವೇನೋ ಉಳಿಯಿತು. ಆದರೆ ಇಷ್ಟು ಸೌಮ್ಯವಾದ ಅರ್ಥವನ್ನು ಒಪ್ಪಿಕೊಳ್ಳಬಲ್ಲ ಸಮಾಜವಾದಿ 1951ರಲ್ಲಿ ಈ ದೇಶದಲ್ಲಿ ಸಿಗುತ್ತಿದ್ದನೇ ಎಂಬುದು ಅನುಮಾನ. ಒಡೆತನ ಯಾರದು, ಅದನ್ನು ಬದಲಿಸಬೇಕಾದವರು ಯಾರು ಎಂಬುದೇ ಆಗಿನ ಜಗಳವಾಗಿತ್ತು.

1951 ಎಂದು ನಿರ್ದಿಷ್ಟವಾಗಿ ಹೇಳುವುದಕ್ಕೆ ಕಾರಣವಿದೆ. ಭೂಮಿಯ ಪ್ರಶ್ನೆಗೆ ನಾಲ್ಕು ಉತ್ತರಗಳು ಆ ಒಂದೇ ವರ್ಷ ಒಟ್ಟಿಗೆ ಕಣ್ಣೆದುರಿಗಿದ್ದವು. ತೆಲಂಗಾಣದಲ್ಲಿ ಕಮ್ಯುನಿಸ್ಟರ ಸಶಸ್ತ್ರ ಹೋರಾಟ ಕೊನೆಯ ಘಟ್ಟದಲ್ಲಿತ್ತು. ಅಕ್ಟೋಬರಿನಲ್ಲಿ ಪಕ್ಷವೇ ಅದನ್ನು ಹಿಂತೆಗೆದುಕೊಂಡಿತು. ಅದೇ ಸೀಮೆಯ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆ ಏಪ್ರಿಲ್ ತಿಂಗಳಲ್ಲಿ ದಲಿತರ ಪರವಾಗಿ ಭೂಮಿ ಬೇಡಿದಾಗ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಟ್ಟರು. ಭೂದಾನ ಚಳವಳಿ ಹುಟ್ಟಿತು. ಜೂನ್‌ನಲ್ಲಿ ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಜಮೀನ್ದಾರಿ ರದ್ದತಿಯ ಕಾನೂನುಗಳಿಗೆ ಒಂಬತ್ತನೆಯ ಷೆಡ್ಯೂಲಿನ ರಕ್ಷಣೆ ಒದಗಿಸಿತು. ನಾಲ್ಕನೆಯದು ನಮ್ಮ ಸಾಗರ ತಾಲ್ಲೂಕಿನ ಕಾಗೋಡು.

ಕಾಗೋಡಿನಲ್ಲಿ ಜಗಳ ತೊಡಗಿದ್ದು ಕೊಳಗದಿಂದ. ಗೇಣಿಯ ಭತ್ತವನ್ನು ಒಡೆಯರು ಅಳೆಯುತ್ತಿದ್ದ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದಾಗಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ದೀವರ ಗೇಣಿದಾರರು ಸರಿಯಾದ ಅಳತೆಯನ್ನು ಕೇಳಿದರು. ಮಾಲೀಕರು ಅವರನ್ನು ಗದ್ದೆಗಳಿಂದ ಹೊರಹಾಕಲು ಹೊರಟರು. ಏಪ್ರಿಲ್‌ನಲ್ಲಿ ರೈತರು ತಂಡತಂಡವಾಗಿ ಅವೇ ಗದ್ದೆಗಳಿಗೆ ಇಳಿದು ಬಂಧನಕ್ಕೆ ಒಳಗಾದರು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಆ ಸೀಮೆಯಿಂದ ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು.

ಪೋಚಂಪಲ್ಲಿ, ಕಾಗೋಡುಗಳೆರಡಕ್ಕೂ ಗಾಂಧೀಜಿಯೇ ಗುರು. ಆದರೆ ಅಲ್ಲಿ ಭೂಮಿ ಕೊಡುವವನ ಔದಾರ್ಯದ ಫಲ, ಇಲ್ಲಿ ಉಳುವವನ ಹಕ್ಕು. ಈ ಅಂತರ ಪಕ್ಷವನ್ನೇ ಸೀಳಿತು. 1936ರಲ್ಲಿ ‘ಸಮಾಜವಾದವೇಕೆ’ ಎಂದು ಮಾರ್ಕ್ಸ್‌ವಾದದ ನೆಲೆಯಿಂದ ಪುಸ್ತಕ ಬರೆದಿದ್ದ ಜಯಪ್ರಕಾಶ ನಾರಾಯಣ 1954ರಲ್ಲಿ ಬೋಧಗಯೆಯಲ್ಲಿ ಭೂದಾನಕ್ಕೆ ತಮ್ಮ ಜೀವನವನ್ನೇ ಅರ್ಪಿಸಿದರು. 5 ಕೋಟಿ ಎಕರೆಯ ಗುರಿಯ ಹತ್ತಿರಕ್ಕೂ ಭೂದಾನ ಬರಲಿಲ್ಲ. ಬಂದ ಭೂಮಿಯಲ್ಲಿಯೂ ಬಂಜರು ಬಹಳವಿತ್ತು.

ನೆಹರೂ ನಂಬಿದ್ದು ರಾಜ್ಯಶಕ್ತಿಯನ್ನು. 1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ‘ಸಮಾಜವಾದಿ ಮಾದರಿಯ ಸಮಾಜ’ವನ್ನು ಗುರಿಯಾಗಿ ಅಂಗೀಕರಿಸಿತು, ಮಹಾಲನೋಬಿಸ್ ರೂಪಿಸಿದ ಎರಡನೆಯ ಯೋಜನೆ ಭಾರಿ ಕೈಗಾರಿಕೆಗೆ ಒತ್ತುಕೊಟ್ಟಿತು. ಹಿಂದುಳಿದ ಅರ್ಥವ್ಯವಸ್ಥೆಯಲ್ಲಿ ಇದಕ್ಕೆ ಸಹಕರಿಸುವುದು ಅನಿವಾರ್ಯವೆಂದು ಅಶೋಕ ಮೆಹ್ತಾ ವಾದಿಸಿದರೆ, ಲೋಹಿಯಾಗೆ ಆ ಮಾತು ಶರಣಾಗತಿಯಾಗಿ ಕಂಡಿತು. ಬಂಡವಾಳಶಾಹಿ ಮತ್ತು ಕಮ್ಯುನಿಸಂ ಎರಡೂ ಒಂದೇ ಭಾರಿ ಯಂತ್ರವನ್ನು ಆರಾಧಿಸುತ್ತವೆ, ಆದ್ದರಿಂದ ನಮಗೆ ಎರಡೂ ಸಮಾನವಾಗಿ ಅಪ್ರಸ್ತುತ ಎಂದು ಅವರು 1952ರಲ್ಲೇ ಪಚ್‌ಮಢಿಯಲ್ಲಿ ಹೇಳಿದ್ದರು. ಸಣ್ಣ ಯಂತ್ರ, ಮತ್ತು ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರಗಳೆಂಬ ನಾಲ್ಕು ಕಂಬಗಳ ರಾಜ್ಯ ಅವರ ಪರ್ಯಾಯ. (1977ರಲ್ಲಿ ಪಂಚಾಯತ್ ವ್ಯವಸ್ಥೆಯ ಸುಧಾರಣೆಗೆ ನೇಮಕವಾದ ಸಮಿತಿಯ ಅಧ್ಯಕ್ಷರು ಅದೇ ಅಶೋಕ ಮೆಹ್ತಾ. ರಾಜಕೀಯದ ವಿನೋದಗಳಿಗೆ ಕೊನೆಯಿಲ್ಲ.)

ಈ ಎಲ್ಲರಿಗಿಂತ ಹಿಂದೆಯೇ ಅಂಬೇಡ್ಕರ್ ಇನ್ನೊಂದು ಪ್ರಶ್ನೆ ಎತ್ತಿದ್ದರು. ಆಸ್ತಿಯೊಂದೇ ಅಧಿಕಾರದ ಮೂಲವೆಂದು ನಂಬಿದ ಸಮಾಜವಾದಿಗಳಿಗೆ ಜಾತಿಯನ್ನು ಎದುರಿಸದೆ ಮುಂದೆ ದಾರಿಯಿಲ್ಲವೆಂದು 1936ರಲ್ಲಿ, ‘ಜಾತಿ ವಿನಾಶ’ದಲ್ಲಿ, ಎಚ್ಚರಿಸಿದರು. 1947ರಲ್ಲಿ ಸಂವಿಧಾನ ಸಭೆಗಾಗಿ ಸಿದ್ಧಪಡಿಸಿದ ಮನವಿಯಲ್ಲಿ, ಕೃಷಿಭೂಮಿ ರಾಜ್ಯದ ಒಡೆತನಕ್ಕೆ ಬಂದು ಸಾಮೂಹಿಕ ಬೇಸಾಯ ನಡೆಯಬೇಕು, ಇದು ಸಂವಿಧಾನದಲ್ಲಿಯೇ ಇರಬೇಕು ಎಂದು ಕೇಳಿದರು. ಅವರು ಕೊಟ್ಟ ಕಾರಣ ಸರಳ: ಗೇಣಿ ಕಾನೂನುಗಳಿಂದ ಗೇಣಿದಾರನಿಗೆ ಲಾಭವಾದೀತು, ಕೂಲಿಯನ್ನೇ ನಂಬಿದ ಕೋಟ್ಯಂತರ ಅಸ್ಪೃಶ್ಯರಿಗೆ ಏನೂ ದಕ್ಕದು.

ಈ ಮಾತು ನಿಜವಾದದ್ದು ನಮ್ಮಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಕಾಗೋಡಿನ ಬೇಡಿಕೆ ಕಾನೂನಾಯಿತು. ಅದನ್ನು ನೋಡಲು ಗೋಪಾಲಗೌಡರು ಇರಲಿಲ್ಲ, 1972ರಲ್ಲಿಯೇ ತೀರಿಕೊಂಡಿದ್ದರು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತವು, ಉಳುವವನೇ ಒಡೆಯನಾದ. ಈ ರಾಜ್ಯ ಕಂಡ ಮಹತ್ವದ ಸುಧಾರಣೆಗಳಲ್ಲಿ ಅದೊಂದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ‘ಉಳುವವನು’ ಎಂದರೆ ಕಾನೂನಿನ ಕಣ್ಣಿಗೆ ಗೇಣಿದಾರ. ಅವನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ದಲಿತ ಕೂಲಿಯವಳಿಗೆ ಅರ್ಜಿ ಹಾಕಲು ಹಕ್ಕೇ ಹುಟ್ಟಲಿಲ್ಲ. ಕಮ್ಯುನಿಸ್ಟರು ಮುಂಚೂಣಿಯಲ್ಲಿದ್ದ ಕೇರಳದಲ್ಲಿಯೂ ಬಹುಪಾಲು ಕೂಲಿಕಾರರಿಗೆ ದಕ್ಕಿದ್ದು ಗುಡಿಸಲಿನ ಜಾಗ ಮಾತ್ರ.

ಲೋಹಿಯಾ ಈ ಕುರುಡನ್ನು ಗುರುತಿಸಿದ್ದರು. ಹೆಂಗಸರು, ಶೂದ್ರರು, ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರಲ್ಲಿನ ಹಿಂದುಳಿದವರಿಗೆ ನೂರರಲ್ಲಿ 60 ಸ್ಥಾನ ಬೇಕೆಂದರು. ವೆಚ್ಚಕ್ಕೆ ಮಿತಿ, ಬೆಲೆಗೆ ಕಡಿವಾಣ ಅದರ ಜೊತೆಗೇ ಇದ್ದ ಬೇಡಿಕೆಗಳು. ಅವರ ವಾರಸುದಾರರು ಮೊದಲ ಭಾಗವನ್ನಿಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಲೋಹಿಯಾ ಪಕ್ಷದಲ್ಲಿದ್ದ ಬಿ.ಪಿ. ಮಂಡಲ್ ಅವರ 1980ರ ವರದಿ ಭೂಸುಧಾರಣೆಯನ್ನೂ ಶಿಫಾರಸು ಮಾಡಿತ್ತು. 1990ರಲ್ಲಿ ದೇಶ ಹೊತ್ತಿ ಉರಿದದ್ದು ಶೇ 27ರ ಉದ್ಯೋಗ ಮೀಸಲಾತಿಗಾಗಿ; ಭೂಮಿಯ ಅಧ್ಯಾಯವನ್ನು ವಿರೋಧಿಸಲೂ ಯಾರೂ ಬೀದಿಗಿಳಿಯಲಿಲ್ಲ.

2020ರಲ್ಲಿ ಕರ್ನಾಟಕ ಸರ್ಕಾರ 79(ಎ), 79(ಬಿ) ಕಲಮುಗಳನ್ನು ರದ್ದುಗೊಳಿಸಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದಿತು. ರೈತ ಸಂಘಟನೆಗಳು ಪ್ರತಿಭಟಿಸಿದವು. ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆಂದು ಸರ್ಕಾರ ಸಮರ್ಥಿಸಿಕೊಂಡಿತು. ವಾದವೆಲ್ಲ ಮಾರುವವನು ಮತ್ತು ಕೊಳ್ಳುವವನ ಸುತ್ತಲೇ ಹೆಚ್ಚಾಗಿ ಸುತ್ತಿತು. 1974ರಲ್ಲಿ ಅರ್ಜಿ ಹಾಕಲಾಗದವಳ ಮೊಮ್ಮಕ್ಕಳು ಆ ಎರಡು ಪಟ್ಟಿಗಳಲ್ಲಿ ಯಾವುದರಲ್ಲಿಯೂ ಇರಲಿಲ್ಲ.