ಸೆರೆಂಗೆಟಿಯ ಪಯಣಿಗರು

‘ಸಫಾರಿ’ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಮಾತು. ಅದರ ಅರ್ಥ ಪ್ರಯಾಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಬೇಟೆಗಾರರ ಪ್ರಯಾಣವಾಗಿತ್ತು. 1909ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಅವರ ಮಗ 500ಕ್ಕೂ ಹೆಚ್ಚು ಪ್ರಾಣಿಗಳನ್ನು ಬೇಟೆಯಾಡಿದರು. ಇಂದಿನ ಪ್ರವಾಸಿಗರಲ್ಲಿ ಬಹುಪಾಲು ಜನ ಕೋವಿಯ ಬದಲು ದುರ್ಬೀನನ್ನು ಹಿಡಿದು ಹೋಗುತ್ತಾರೆ.

ಇಂಥ ಪ್ರವಾಸಕ್ಕೆ ಹೆಸರಾದುದು ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ. 1951ರಲ್ಲಿ ಸ್ಥಾಪಿತವಾದ ಇದರ ವಿಸ್ತೀರ್ಣ 14,000 ಚದರ ಕಿಲೋಮೀಟರುಗಳಿಗೂ ಹೆಚ್ಚು. ಇಲ್ಲಿನ ನಿಜವಾದ ಪಯಣಿಗರೆಂದರೆ ವಿಲ್ಡೆಬೀಸ್ಟ್‌ಗಳು. ದನದಂತಹ ಕೊಂಬು, ಕುದುರೆಯಂತಹ ಬಾಲ, ಇಳಿಬಿದ್ದ ಗಡ್ಡವುಳ್ಳ ಈ ಪ್ರಾಣಿ ಹುಲ್ಲೆಗಳ ಬಳಗಕ್ಕೆ ಸೇರಿದುದು. ಸುಮಾರು 13 ಲಕ್ಷ ವಿಲ್ಡೆಬೀಸ್ಟ್‌ಗಳೂ ಲಕ್ಷಾಂತರ ಜೀಬ್ರಾ, ಜಿಂಕೆಗಳೂ ಮಳೆಯನ್ನು ಹಿಂಬಾಲಿಸಿ, ಹೊಸ ಹುಲ್ಲನ್ನು ಅರಸಿ ವರ್ಷವಿಡೀ ಸಂಚರಿಸುತ್ತವೆ. ದಕ್ಷಿಣದ ಬಯಲು ಒಣಗಿದಾಗ ಅವು ಪಶ್ಚಿಮಕ್ಕೂ ಉತ್ತರಕ್ಕೂ ಸಾಗುತ್ತವೆ. ಮೊಸಳೆಗಳಿರುವ ಮಾರಾ ನದಿಯನ್ನು ದಾಟಿ ಕೆನ್ಯಾದ ಹುಲ್ಲುಗಾವಲನ್ನು ಸೇರುತ್ತವೆ. ಮತ್ತೆ ಮಳೆ ಬಂದಾಗ ಹಿಂದಿರುಗುತ್ತವೆ.

ಈ ಜಂಗುಳಿಯಲ್ಲಿಯೂ ಒಂದು ವ್ಯವಸ್ಥೆಯಿದೆ. ಜೀಬ್ರಾ ಎತ್ತರದ ಒರಟು ಹುಲ್ಲನ್ನು ಮೇಯುತ್ತದೆ. ಕೆಳಗಿನ ಎಲೆಗಳು ವಿಲ್ಡೆಬೀಸ್ಟಿಗೆ. ಬಳಿಕ ಉಳಿಯುವ ಗಿಡ್ಡ ಹುಲ್ಲು ಥಾಮ್ಸನ್ ಜಿಂಕೆಗೆ. ವಿಲ್ಡೆಬೀಸ್ಟ್‌ಗಳ ಬಹುತೇಕ ಕರುಗಳು ಫೆಬ್ರವರಿಯ ಸುಮಾರಿಗೆ ಎರಡು ಮೂರು ವಾರಗಳೊಳಗೆ ಹುಟ್ಟುತ್ತವೆ. ಸಿಂಹ, ಕತ್ತೆಕಿರುಬಗಳು ಎಷ್ಟನ್ನು ಹಿಡಿದರೂ ಅನೇಕ ಕರುಗಳು ಬದುಕಿ ಉಳಿಯುತ್ತವೆ.

ಆದರೆ ಈ ಸಮೃದ್ಧಿ ಸದಾ ಇದ್ದುದಲ್ಲ. 1890ರ ಸುಮಾರಿಗೆ ದನಗಳ ದೊಡ್ಡರೋಗವು ಪೂರ್ವ ಆಫ್ರಿಕಾದಲ್ಲಿ ಹಬ್ಬಿತು. ದನಗಳೂ ವಿಲ್ಡೆಬೀಸ್ಟ್‌ಗಳೂ ರಾಶಿರಾಶಿಯಾಗಿ ಸತ್ತವು. ದನಗಳನ್ನೇ ನಂಬಿದ್ದ ಮಸಾಯಿ ಜನರು ಕ್ಷಾಮಕ್ಕೆ ತುತ್ತಾದರು. 1960ರ ದಶಕದ ಆರಂಭದಲ್ಲಿ ಸೆರೆಂಗೆಟಿಯಲ್ಲಿದ್ದ ವಿಲ್ಡೆಬೀಸ್ಟ್‌ಗಳು ಸುಮಾರು ಎರಡೂವರೆ ಲಕ್ಷ ಮಾತ್ರ. ಸುತ್ತಲಿನ ಸಾಕುದನಗಳಿಗೆ ಲಸಿಕೆ ಹಾಕಿದುದರಿಂದ ಕಾಡುಮೃಗಗಳಲ್ಲಿಯೂ ರೋಗ ಅಡಗಿತು. 1970ರ ದಶಕದ ಕೊನೆಗೆ ಅವುಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ಹಿಂಡು ಬೆಳೆದಂತೆ ಒಣಹುಲ್ಲು ಕಡಿಮೆಯಾಯಿತು. ಒಣಹುಲ್ಲು ಕಡಿಮೆಯಾದಂತೆ ಬೆಂಕಿಯೂ ತಗ್ಗಿ ಮರಗಳು ಹೆಚ್ಚಿದವು. ಕೊಟ್ಟಿಗೆಯ ಹಸುವಿಗೆ ಹಾಕಿದ ಲಸಿಕೆ ಬಯಲಿನ ಮರವನ್ನೂ ಬೆಳೆಸಿತು! 2011ರಲ್ಲಿ ಈ ರೋಗವು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಈ ನೋಟಕ್ಕೆ ಬೆಲೆ ತೆತ್ತವರೂ ಇದ್ದಾರೆ. ಆ ಬಯಲಿನಲ್ಲಿ ತಲೆಮಾರುಗಳಿಂದ ದನ ಮೇಯಿಸುತ್ತಿದ್ದ ಮಸಾಯಿಗಳು 1959ರಲ್ಲಿ ಉದ್ಯಾನವನ್ನು ಬಿಟ್ಟು ಹೊರಹೋಗಬೇಕಾಯಿತು. ಹೀಗಿರುವಾಗ ನೋಡಬಂದವರ ಹೊಣೆ ಸಣ್ಣದಲ್ಲ. ನದಿಯ ದಡದಲ್ಲಿ ವಾಹನಗಳು ಕಿಕ್ಕಿರಿದರೆ ಹಿಂಡು ದಾಟಲು ಹಿಂಜರಿಯುತ್ತದೆ. ಹೊಂಚು ಹಾಕಿದ ಚೀತಾವನ್ನು ಸುತ್ತುವರಿದರೆ ಬೇಟೆ ತಪ್ಪಿ ಅದರ ಮರಿಗಳು ಹಸಿದಿರುತ್ತವೆ. ಪಯಣ ಆ ಮೃಗಗಳದು. ಮನುಷ್ಯನು ಅಲ್ಲಿ ಅತಿಥಿ. ದಾರಿ ಬಿಟ್ಟು, ದೂರ ನಿಂತು ನೋಡುವುದೇ ಅತಿಥಿಗೆ ಒಪ್ಪುವ ನಡತೆ.