ನಿಮಗಿದು ಗೊತ್ತೆ? ಬಂದ್ ಮಾಡಿದರೂ ಬಂದ್ ಆಗದ ಕಂಪ್ಯೂಟರ್!

ರಾತ್ರಿ ‘ಶಟ್‌ಡೌನ್’ ಒತ್ತಿ ಮಲಗಿದಿರಾ? ವಿಂಡೋಸ್ ಕಂಪ್ಯೂಟರ್ ಬಹುಶಃ ಅರ್ಧ ಮಾತ್ರ ಬಂದ್ ಆಗಿರುತ್ತದೆ.

2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಸೇರಿಕೊಂಡಿದೆ. ನೀವು ತೆರೆದ ಪ್ರೋಗ್ರಾಮುಗಳೆಲ್ಲ ಮುಚ್ಚುತ್ತವೆ, ನಿಜ. ಆದರೆ ವಿಂಡೋಸ್‌ನ ಒಳತಿರುಳು ಮತ್ತು ಡ್ರೈವರ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಇಳಿಯುತ್ತವೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಯಂತ್ರ ಬೇಗ ಏಳುತ್ತದೆ. ನಿನ್ನೆಯ ತೊಡಕೂ ಜೊತೆಗೇ ಏಳಬಹುದು!

ಎಲ್ಲವನ್ನೂ ಹೊಸದಾಗಿ ಶುರು ಮಾಡುವುದು ‘ರೀಸ್ಟಾರ್ಟ್’. ಹೆಸರು ಕೇಳಿದರೆ ಉಲ್ಟಾ ಅನಿಸುತ್ತದೆ. ಯಂತ್ರ ಎಳೆದಾಡುತ್ತಿದ್ದರೆ, ರಿಪೇರಿಗೆಂದು ಕಾಗವಾಡದಿಂದ ಮಿರಜಿಗೋ ಅಥಣಿಗೋ ಹೊರಡುವ ಮೊದಲು ಒಮ್ಮೆ ಅದನ್ನು ಒತ್ತಿ ನೋಡಿ. ಶಿಫ್ಟ್ ಕೀಲಿ ಹಿಡಿದುಕೊಂಡು ‘ಶಟ್‌ಡೌನ್’ ಒತ್ತಿದರೂ ಯಂತ್ರ ಪೂರ್ತಿ ಬಂದ್ ಆಗುತ್ತದೆ.

ನಂಬಿಕೆ ಬರಲಿಲ್ಲವೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’ ಪುಟದಲ್ಲಿ ಸಿಪಿಯು ಕೆಳಗೆ ‘ಅಪ್ ಟೈಮ್’ ಎಂದಿದೆ. ಅಲ್ಲಿನ ಮೊದಲ ಅಂಕಿ ದಿನಗಳದ್ದು. ದಿನವೂ ಬಂದ್ ಮಾಡುವ ಯಂತ್ರದಲ್ಲೂ ಅದು ಹತ್ತು, ಹನ್ನೆರಡು ತೋರಿಸುವುದುಂಟು.

ಕೆಲಸದ ನಡುವೆ ಕರೆಂಟ್ ಹೋದರೆ ಡಿಸ್ಕಿಗೆ ಇಳಿಸಲು ಪುರುಸೊತ್ತೇ ಇರುವುದಿಲ್ಲ. ಆಗಲೂ ಎಲ್ಲ ಹೊಸದಾಗಿಯೇ ಶುರುವಾಗುತ್ತದೆ. ಹಾಗೆಂದು ಪ್ಲಗ್ ಕೀಳಬೇಡಿ, ಬರೆಯುತ್ತಿದ್ದ ಫೈಲು ಕೆಟ್ಟೀತು.